ಅಪ್‌ಡೇಟ್: 'ಪುಲ್ ಥ್ರೂ' ಅಂದರೇನು ಅಂತ ಕೇಳಿದ್ದೆನಲ್ಲ, ಮಾವ ಮನೆಗೆ ಬಂದರು

ಹೋದ ತಿಂಗಳು ಸೋದರಮಾವ ಐಸಿಯುನಲ್ಲಿದ್ದಾಗ ನಮ್ಮ ಮ್ಯಾನೇಜರ್ 'ಹಿ ವಿಲ್ ಪುಲ್ ಥ್ರೂ' ಅಂತ ಮೆಸೇಜ್ ಹಾಕಿದ್ದರು. ಹಾಗಂದರೇನು, ಅದರ ಬದಲು 'ಗೆಟ್ ಓವರ್' ಅನ್ನಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮೊದಲು ಒಳ್ಳೆಯ ಸುದ್ದಿ: ಮಾವ ಪಾರಾದರು. ಮೊನ್ನೆ ಮನೆಗೆ ಬಂದವರೇ, ಗಂಜಿ ಸಾಕಮ್ಮ, ಅನ್ನ ಸಾರು ಹಾಕು ಅಂದರು.

'ಪಾರಾದರು' ಅಂದೆನಲ್ಲ, 'ಪುಲ್ ಥ್ರೂ' ಅಂದರೆ ಅದೇ. ಜೀವ ಉಳಿಯುತ್ತೋ ಇಲ್ಲವೋ ಅನ್ನುವ ಹೊತ್ತಿನ ಮಾತು. ನೆಗಡಿಗೆ ಹಾಗಂದರೆ ಜಾಸ್ತಿಯಾಯಿತು, ಅಲ್ಲಿ 'ಗೆಟ್ ಓವರ್' ಸಾಕು. ಪ್ರಜ್ಞೆ ಮರಳಿದ್ದಕ್ಕೆ 'ಕಮ್ ರೌಂಡ್'.

ನಾನು ಎಡವುತ್ತಿದ್ದದ್ದು ಬೇರೆ ಕಡೆ. ಕನ್ನಡದಲ್ಲಿ 'ಜ್ವರದಿಂದ ಚೇತರಿಸಿಕೊಂಡೆ' ಅನ್ನುತ್ತೇವೆ ಅಲ್ವಾ? ಆ 'ಇಂದ'ವನ್ನು ಹಾಗೇ ಎಳೆದು ತಂದು 'ಗಾಟ್ ಓವರ್ ಫ್ರಮ್ ಫೀವರ್' ಅಂತ ವರ್ಷಗಟ್ಟಲೆ ಲೀವ್ ಮೇಲ್‌ನಲ್ಲಿ ಬರೆದಿದ್ದೇನೆ. 'ಫ್ರಮ್' ಬೇಕಾಗಿರುವುದು 'ರಿಕವರ್'ಗೆ. ಇಲ್ಲಿ 'ಗಾಟ್ ಓವರ್ ದ ಫೀವರ್' ಅಷ್ಟೇ. 'ಇಟ್' ಬಂದರೂ ಕೊನೆಗೇ ಬರಬೇಕು: 'ಗಾಟ್ ಓವರ್ ಇಟ್'.

ಇನ್ನೊಂದು ವಿಷಯ ನನಗೆ ಮುಖ್ಯ ಅನ್ನಿಸಿತು. ದುಃಖದಲ್ಲಿರುವವರಿಗೆ ಸುಮ್ನೆ 'ಗೆಟ್ ಓವರ್ ಇಟ್' ಅನ್ನಬೇಡಿ. 'ಸಾಕು ಬಿಡು, ಎಷ್ಟು ದಿನ ಅಳ್ತೀಯ' ಅಂದ ಹಾಗೆ ಒರಟಾಗಿ ಕೇಳಿಸುತ್ತದೆ.

ಮ್ಯಾನೇಜರ್‌ಗೆ ನಿನ್ನೆ ಉತ್ತರ ಬರೆದೆ: 'ಹಿ ಪುಲ್ಡ್ ಥ್ರೂ.' ಕಳಿಸುವಾಗ ಕಣ್ಣು ತುಂಬಿ ಬಂತು.