ಗೂಬೆಗೆ ಇಲಿ ‘ಲಭ್ಯ’ವಾಗುವುದೋ, ‘ದಕ್ಕು’ವುದೋ?

ಮಾನ್ಯರೇ,

ಗದಗ ತಾಲ್ಲೂಕಿನ ರೈತರಿಗಾಗಿ ಕಣಜಗೂಬೆಯ ಬಗ್ಗೆ ನಾಲ್ಕು ಪುಟದ ಕಿರುಹೊತ್ತಿಗೆಯೊಂದನ್ನು ಬರೆಯುತ್ತಿದ್ದೇನೆ. ಹೊಲದಲ್ಲಿ ಸಿಗುವ ಇಲಿಗಳ ಮೇಲೆ ಗೂಬೆಯ ಊಟವೂ ಅದು ಸಾಕಬಲ್ಲ ಮರಿಗಳ ಸಂಖ್ಯೆಯೂ ನಿಂತಿವೆ ಎಂಬುದು ಅದರ ತಿರುಳು. ಮೊದಲ ಕರಡಿನಲ್ಲಿ ‘ಗೂಬೆಯ ಬೇಟೆ ಹೆಚ್ಚಾದ ವರ್ಷ ಮರಿಗಳೂ ಹೆಚ್ಚುತ್ತವೆ’ ಎಂದು ಬರೆದಿದ್ದೆ. ಅದನ್ನು ಓದಿಸಿ ಕೇಳಿದ ನಮ್ಮ ಸೋದರಮಾವ, “ಗೂಗಿನ್ನ ಬ್ಯಾಟಿ ಆಡಿದ್ರ ಮರಿ ಹೆಂಗ ಹೆಚ್ಚಾಗ್ತಾವ ಅಳಿಯಾ?” ಎಂದರು. ತಪ್ಪು ಅವರದಲ್ಲ. ‘ಬೇಟೆ’ ಎಂಬುದು ಕೆಲಸದ ಹೆಸರೂ ಹೌದು, ಆ ಕೆಲಸದಲ್ಲಿ ಸಿಕ್ಕ ಪ್ರಾಣಿಯ ಹೆಸರೂ ಹೌದು. ಅದರ ಹಿಂದೆ ‘ಗೂಬೆಯ’ ಎಂದು ಷಷ್ಠಿ ಹಚ್ಚಿದರೆ ಕೊಂದವರು ಯಾರು, ಸತ್ತವರು ಯಾರು ಎಂಬುದೇ ತಿಳಿಯದು.

ಬದಲಿಗೆ ‘ಎರೆ’ ಎನ್ನೋಣವೆಂದರೆ, ಹಕ್ಕಿ ಹಾವುಗಳ ಆಹಾರ, ಗಾಳಕ್ಕೆ ಸಿಕ್ಕಿಸುವ ಆಹಾರ ಎಂಬ ಅರ್ಥ ಅದಕ್ಕೆ ಹಿಂದಿನಿಂದಲೂ ಇದೆ, ತಮಿಳಿನ ‘ಇರೈ’, ಮಲಯಾಳದ ‘ಇರ’, ತೆಲುಗಿನ ‘ಎರ’ ಇದರ ಒಡಹುಟ್ಟುಗಳು. ಪದವೇನೋ ಚೆನ್ನಾಗಿದೆ. ಆದರೆ ನಮ್ಮ ಕಡೆ ಎರಿ ಎಂದರೆ ಕಪ್ಪು ಮಣ್ಣು. ‘ಎರೆ ಕಡಿಮೆಯಾದರೆ ಗೂಬೆ ಮೊಟ್ಟೆಯಿಡುವುದಿಲ್ಲ’ ಎಂಬ ಸಾಲನ್ನು ರೋಣದ ರೈತನು ಮಣ್ಣಿನ ಸವಕಳಿಯ ಮಾತೆಂದೇ ಓದುತ್ತಾನೆ. ‘ಮಿಕ’ ಎಂದರೆ ಜಿಂಕೆ ಕಣ್ಣ ಮುಂದೆ ಬರುತ್ತದೆ, ಇಲಿಗೆ ಅದು ಅಳತೆ ಮೀರಿದ ಅಂಗಿ. ‘ಗುಟುಕು’ ಮರಿಯ ಬಾಯಿಗಷ್ಟೇ ಸಲ್ಲುವ ಮಾತು. ಹೀಗಾಗಿ ಪದ ಹುಡುಕುವುದನ್ನು ಬಿಟ್ಟು ‘ಇಲಿ’ ಎಂದೇ ಬರೆದೆ. ಕಣಜಗೂಬೆಯ ಊಟದಲ್ಲಿ ಬಹುಪಾಲು ಅದೇ ಆದ್ದರಿಂದ ದೊಡ್ಡ ಮೋಸವೇನೂ ಆಗಲಿಲ್ಲ.

ನಿಜವಾದ ತೊಡಕು ‘ಲಭ್ಯತೆ’ಯದು. ಜೀವವಿಜ್ಞಾನಿಗಳು ಇಲ್ಲಿ ಎರಡು ಸಂಗತಿಗಳನ್ನು ಬೇರೆಯಾಗಿಡುತ್ತಾರೆ: ಹೊಲದಲ್ಲಿ ಇಲಿಗಳು ಎಷ್ಟಿವೆ ಎಂಬುದು ಒಂದು, ಅವುಗಳಲ್ಲಿ ಗೂಬೆ ಹಿಡಿಯಬಲ್ಲವು ಎಷ್ಟು ಎಂಬುದು ಇನ್ನೊಂದು. ನಮ್ಮ ಅನುವಾದಗಳು ಎರಡಕ್ಕೂ ‘ಲಭ್ಯತೆ’ಯನ್ನೇ ಬಳಸುತ್ತವೆ. ಹಿಂಗಾರಿ ಜೋಳ ಆಳೆತ್ತರ ನಿಂತಾಗ ಅದರ ಬುಡದಲ್ಲಿ ಇಲಿಗಳು ಬೇಕಾದಷ್ಟಿದ್ದರೂ, ಹೆಚ್ಚುಕಡಿಮೆ ಮೂರು ಅಡಿ ರೆಕ್ಕೆ ಹರಡಿಕೊಂಡು ಬರುವ ಹಕ್ಕಿಗೆ ದಂಟುಗಳ ನಡುವೆ ಇಳಿಯಲು ಜಾಗವಿರುವುದಿಲ್ಲ; ಕೊಯ್ಲು ಮುಗಿದು ಹೊಲ ಬಯಲಾದಾಗ, ಇಲಿಗಳು ಮೊದಲಿಗಿಂತ ಕಡಿಮೆಯಿದ್ದರೂ, ಮರೆಯಿಲ್ಲದ್ದರಿಂದ ಸುಲಭವಾಗಿ ಸಿಕ್ಕಿಬೀಳುತ್ತವೆ. ಮಳೆಯ ರಾತ್ರಿಯ ಕಥೆಯೂ ಇದೇ. ಕಣಜಗೂಬೆಯ ಮೆತ್ತನೆಯ ಗರಿ ಬೇಗ ನೆನೆಯುತ್ತದೆ, ಕತ್ತಲಲ್ಲಿ ಕಿವಿಯಿಂದಲೇ ಇಲಿಯ ನೆಲೆ ಹಿಡಿಯುವ ಅದಕ್ಕೆ ಮಳೆಯ ಸದ್ದು ಬೇರೆ ಅಡ್ಡಿ. ಇಲಿಯ ಸಂಖ್ಯೆಯಲ್ಲಿ ಒಂದೂ ಕಡಿಮೆಯಾಗದೆಯೇ ಗೂಬೆ ಉಪವಾಸ ಬೀಳಬಹುದು.

ಊರ ಹೊರಗಿನ ಪಾಳು ಅರಳೆ ಗೋದಾಮಿನಲ್ಲಿ ಗೂಬೆ ಕಾರಿದ ಉಂಡೆಯೊಂದನ್ನು ಆಯ್ದು ತಂದು, ಬಟ್ಟಲು ನೀರಿನಲ್ಲಿ ನೆನೆಹಾಕಿ ಬಿಡಿಸಿದೆ. ಬೂದು ಕೂದಲಿನ ಮುದ್ದೆಯೊಳಗಿಂದ ಎರಡು ಇಲಿ ಬುರುಡೆಗಳೂ ಒಂದು ಸುಂಡಿಲಿಯ ಬುರುಡೆಯೂ ಬಂದವು. ಇಲಿಯ ಮುಂಬಲ್ಲು ಕಿತ್ತಳೆ ಬಣ್ಣದ್ದು, ಅದಕ್ಕೂ ದವಡೆಹಲ್ಲಿಗೂ ನಡುವೆ ದೊಡ್ಡ ಸಂದಿಯಿರುತ್ತದೆ. ಸುಂಡಿಲಿಯ ಹಲ್ಲು ಬಿಳಿ, ಸಂದಿಯಿಲ್ಲದೆ ಸಾಲಾಗಿರುತ್ತದೆ. ಇಂಥ ಉಂಡೆ ಹೇಳುವುದು ಗೂಬೆಗೆ ಸಿಕ್ಕಿದ್ದೇನೆಂಬುದನ್ನು, ಹೊಲದಲ್ಲಿ ಇದ್ದುದೇನೆಂಬುದನ್ನಲ್ಲ. ಇಲಿ ಸಿಗದ ದಿನಗಳಲ್ಲಿ ಉಂಡೆಯಲ್ಲಿ ಸುಂಡಿಲಿ, ಸಣ್ಣ ಹಕ್ಕಿ, ಹುಳಗಳ ಪಾಲು ಏರುತ್ತದೆ.

ಮರಿಗಳ ಮೇಲಾಗುವ ಪರಿಣಾಮವನ್ನು ಹೇಳುವಲ್ಲಿ ‘ಲಭ್ಯತೆ’ ಇನ್ನೂ ನಿಸ್ಸತ್ವವೆನಿಸುತ್ತದೆ. ಕಣಜಗೂಬೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆಗಳನ್ನು ಎರಡು ಮೂರು ದಿನಗಳ ಅಂತರದಲ್ಲಿ ಇಡುತ್ತ ಹೋಗಿ, ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂಡುವುದರಿಂದ, ಗೂಡಿನಲ್ಲಿ ಮರಿಗಳು ಮೆಟ್ಟಿಲು ಮೆಟ್ಟಿಲಾಗಿ ಬೇರೆಬೇರೆ ಗಾತ್ರದವಾಗಿರುತ್ತವೆ. ತಂದ ಇಲಿ ಸಾಲದಾದಾಗ ದೊಡ್ಡವು ಕಸಿದುಕೊಳ್ಳುತ್ತವೆ, ಕೊನೆಯದು ಸಾಯುತ್ತದೆ, ಕೆಲವೊಮ್ಮೆ ಅದನ್ನೇ ಒಡಹುಟ್ಟಿದವು ತಿನ್ನುತ್ತವೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ, 1947ರಿಂದ ನಡೆದ ದೀರ್ಘ ಅಧ್ಯಯನದ ನಡುವೆ, ಇಲಿಗಳು ತೀರ ಕಡಿಮೆಯಾದ 1958ರಲ್ಲಿ ಅಲ್ಲಿನ ಕಂದುಗೂಬೆಗಳ ಒಂದು ಜೋಡಿಯೂ ಮರಿ ಮಾಡಲಿಲ್ಲ. ಅಲ್ಲಿ ಕಡಿಮೆಯಾಗಿದ್ದು ಇಲಿಗಳ ಸಂಖ್ಯೆಯೇ. ನಮ್ಮ ಜೋಳದ ಹೊಲದಲ್ಲಿ ಸಂಖ್ಯೆಯಲ್ಲ, ಸಿಗುವಿಕೆ. ಈ ಎರಡನ್ನೂ ಒಂದೇ ಪದದಡಿ ತುರುಕಿದರೆ ರೈತನಿಗೆ ನಾನು ಹೇಳಬೇಕಾದ ಮಾತೇ ಮುಚ್ಚಿಹೋಗುತ್ತದೆ.

ಇದನ್ನೆಲ್ಲ ವಿವರಿಸಿದ ಮೇಲೆ ಮಾವ ಅಂದದ್ದು ಇಷ್ಟೇ: “ಇಲಿ ಇದ್ರೇನಾತು, ಗೂಗಿಗೆ ದಕ್ಕಬೇಕಲ್ಲ.” ಅಂದಿನಿಂದ ‘ಇರುವ ಇಲಿ’, ‘ದಕ್ಕುವ ಇಲಿ’ ಎಂದು ಬರೆಯುತ್ತಿದ್ದೇನೆ, ವಾಕ್ಯಗಳು ಸರಾಗವಾಗಿ ನಡೆಯುತ್ತಿವೆ. ‘ಎಟುಕುವ’ ಎನ್ನಬಹುದಿತ್ತು, ಆದರೆ ಅದು ದೂರದ ಮಾತು, ಇಲ್ಲಿರುವುದು ಮರೆಯ ಮಾತು. ಒಂದೇ ಅಳುಕೆಂದರೆ, ‘ತಿಂದದ್ದು ದಕ್ಕಲಿಲ್ಲ’ ಎಂಬ ಬಳಕೆಯಲ್ಲಿ ದಕ್ಕು ಎಂದರೆ ಅರಗು, ಮೈಗೆ ಹತ್ತು ಎಂದೂ ಆಗುತ್ತದೆ. ತಿನ್ನುವ ಪ್ರಾಣಿಯ ವಿಷಯದಲ್ಲಿಯೇ ಈ ಪದವನ್ನು ಬಳಸುವಾಗ ಆ ಅರ್ಥ ಅಡ್ಡ ಬಾರದೆ? ಹಾಗೂ ಶೀರ್ಷಿಕೆಗೆ ನಾಮಪದವೇ ಬೇಕಾದಾಗ ‘ದಕ್ಕುವಿಕೆ’ ಎನ್ನುವುದೋ, ‘ದಕ್ಕುವಷ್ಟು’ ಎಂದು ಬಿಡುವುದೋ, ಹಾವೇರಿ, ಧಾರವಾಡದ ಕಡೆ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದೆಯೋ, ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.