ತಾಳಮದ್ದಲೆಯ ಹಳೆಯ ಕ್ಯಾಸೆಟ್: ಧ್ವನಿ ಉಳಿಸಿಕೊಳ್ಳಲು ಏನು ಮಾಡಲಿ?

ತಂದೆಯವರು ಅರ್ಥ ಹೇಳಿದ ತಾಳಮದ್ದಲೆಯ ಸಿ-90 (ಎರಡೂ ಬದಿ ಸೇರಿ 90 ನಿಮಿಷದ) ಕ್ಯಾಸೆಟ್ ಸಿಕ್ಕಿದೆ. ಧ್ವನಿ ಬಾವಿಯೊಳಗಿಂದ ಬಂದಂತಿದೆ; ನಡುವೆ ಕೀರಲು ಸದ್ದು ಬಂದು ಟೇಪ್ ನಿಂತುಬಿಡುತ್ತದೆ. ಬೇರೆ ಪ್ರತಿ ಇಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

*

ಮೊದಲು, ಮತ್ತೆ ಮತ್ತೆ ಹಾಕಿ ನೋಡುವುದನ್ನು ನಿಲ್ಲಿಸಿ. ಟೇಪ್ ಹೊರಗೆ ಕಾಣುವ ಅಂಚಿನ ನಡುಗಿಂಡಿಯನ್ನು ಬೆಳಕಿಗೆ ಹಿಡಿಯಿರಿ. ಟೇಪಿನ ಹಿಂದೆ ತಾಮ್ರದ ಬಣ್ಣದ ತೆಳು ಪಟ್ಟಿ, ಅದರ ಮೇಲೆ ಫೆಲ್ಟ್ ಬಟ್ಟೆಯ ಪುಟ್ಟ ತುಂಡು ಇರಬೇಕು. ಟೇಪನ್ನು ಹೆಡ್ಡಿಗೆ, ಅಂದರೆ ಟೇಪ್ ರೆಕಾರ್ಡರಿನಲ್ಲಿ ಧ್ವನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಉದುರಿದ್ದರೆ ಧ್ವನಿ ಹೀಗೆಯೇ ಮಂಕಾಗುತ್ತದೆ. ಕೀರಲು ಸದ್ದಿಗೆ ಒಳಗಿನ ಉರುಳೆ ಬಿಗಿದಿರುವುದೋ ಪ್ಲಾಸ್ಟಿಕ್ ಹಾಳೆ ಸೊಟ್ಟಗಾಗಿರುವುದೋ ಕಾರಣವಿರಬಹುದು. ಎರಡಕ್ಕೂ ಒಂದೇ ಮದ್ದು: ಟೇಪನ್ನು ಬೇರೆ ಕವಚಕ್ಕೆ ವರ್ಗಾಯಿಸುವುದು. ಸ್ಕ್ರೂ ಇರುವ, ಬೇಡವಾದ ಕ್ಯಾಸೆಟ್ ಒಂದನ್ನು ಹುಡುಕಿ. ನಿಮ್ಮದು ಅಂಟಿಸಿದ ಕವಚವಾದರೆ, ಟೇಪ್ ಕಾಣುವ ಬದಿಯನ್ನು ಬಿಟ್ಟು ಉಳಿದ ಅಂಚುಗಳಲ್ಲಿ ಬ್ಲೇಡ್ ತೂರಿಸಿ ನಿಧಾನವಾಗಿ ಬಿಡಿಸಬೇಕು. ಮುಚ್ಚಳ ತೆಗೆದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಟೇಪಿನ ದಾರಿ ತಪ್ಪಿದರೆ ಅದೊಂದೇ ದಿಕ್ಕು. ಎರಡೂ ಸುರುಳಿಗಳನ್ನು ಒಟ್ಟಿಗೆ ಎತ್ತಿ. ಸಿ-90 ಟೇಪ್ ಸಿ-60ಕ್ಕಿಂತ ತೆಳು, ಜಗ್ಗಬೇಡಿ.

*

ಕರಾವಳಿಯ ಮನೆಯ ಕ್ಯಾಸೆಟ್ ಆದರೆ ಬೂಷ್ಟನ್ನೂ ನೋಡಿ. ಕಿಟಕಿಯಿಂದ ಸುರುಳಿಯ ಅಂಚು ಬೆಳ್ಳಗೆ ಪುಡಿಪುಡಿಯಾಗಿ ಕಂಡರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಬಿಚ್ಚಿ. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸದೆ ಇನ್ನೊಂದು ಕ್ಯಾಸೆಟ್ ಹಾಕಿದರೆ ಅದಕ್ಕೂ ಹರಡೀತು.

*

ಮೇಲಿನವರು ಹೇಳಿದ್ದು ಸರಿ. ಸುಕ್ಕಾದ ಭಾಗವನ್ನು ಕತ್ತರಿಸಲು ಮಾತ್ರ ಹೋಗಬೇಡಿ. ಟೇಪ್ ಓಡುವುದೇ ಸೆಕೆಂಡಿಗೆ 4.76 ಸೆಂ.ಮೀ.; ಬೆರಳುದ್ದ ಕತ್ತರಿಸಿದರೆ ಒಂದು ಮಾತೇ ಹೋಯಿತು. ಸುಕ್ಕಿದ್ದರೂ ಧ್ವನಿ ಬರುತ್ತದೆ, ತುಸು ಕುಂದುತ್ತದೆ ಅಷ್ಟೆ. ತುಂಡಾಗಿದ್ದರೆ ಟೇಪ್ ಜೋಡಿಸಲೆಂದೇ ಬರುವ ಅಂಟುಪಟ್ಟಿ ತನ್ನಿ. ಸೆಲ್ಲೋಟೇಪಿನ ಅಂಟು ಪಕ್ಕದ ಸುತ್ತುಗಳಿಗೂ ಇಳಿಯುತ್ತದೆ.

ಹೊಸ ಕವಚದ ಹಿಂಬದಿಯ ಎರಡು ಪುಟ್ಟ ಕಿವಿಗಳನ್ನು ಮುರಿದಿಡಿ. ಗುಂಡಿ ತಪ್ಪಿ ಒತ್ತಿದರೂ ಹಳೆಯದು ಅಳಿಸಿಹೋಗದು. ಇಷ್ಟಾದರೂ ಧ್ವನಿ ಮಂಕಾಗಿದ್ದರೆ, ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಟೇಪ್ ಓಡುತ್ತಿರುವಾಗ ಕೂದಲೆಳೆಯಷ್ಟು ತಿರುಗಿಸಿ ನೋಡಿ. ಭಾಗವತರ ತಾಳದ ಸದ್ದು ಯಾವಾಗ ಚುರುಕಾಗಿ ಕೇಳುತ್ತದೋ ಅಲ್ಲಿಗೆ ಬಿಡಿ. ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ಸಾಕು, ವೇವ್ ಕಡತವಾಗಿ ಉಳಿಸಿ. 'ಹಿಸ್' ಸದ್ದು ತೆಗೆಯುವ ಕೆಲಸವನ್ನು ಅದರ ನಕಲಿನ ಮೇಲೆ ಮಾಡಿ.