ಯುಗಾದಿಗೆ ಬರೆದ ಗುರಿ ಪಂಚಮಿಯೊಳಗೆ ಎಲ್ಲಿ ಹೋಗುತ್ತದೆ? ನಿಮ್ಮ ಅನುಭವ ಹೇಳಿ

ಹುಬ್ಬಳ್ಳಿಯಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 37 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್, ಇಬ್ಬರು ಮಕ್ಕಳು. ಪ್ರತಿ ಯುಗಾದಿಗೆ ಬೇವು-ಬೆಲ್ಲ ತಿಂದು ಡೈರಿ ಹಿಡಿದು ಕೂರುತ್ತೇನೆ. ಈ ಸಲ ಐದು ಗುರಿ ಬರೆದೆ. ದಿನಾ ಬೆಳಿಗ್ಗೆ ಉಣಕಲ್ ಕೆರೆಗೆ ವಾಕಿಂಗ್. ಆರು ಕೆಜಿ ಇಳಿಸುವುದು. ತಿಂಗಳಿಗೆ 5,000 ಉಳಿಸುವುದು. ಮದುವೆಯಾದ ಮೇಲೆ ಬಿಟ್ಟ ಸಂಗೀತ ಮತ್ತೆ ಶುರು ಮಾಡುವುದು. ಸ್ಕೂಟರ್ ಕಲಿಯುವುದು. ಪಂಚಮಿಗೆ ಉಂಡಿ ಕಟ್ಟುವ ಹೊತ್ತಿಗೆ ಐದರಲ್ಲಿ ಒಂದೂ ಉಳಿದಿರಲಿಲ್ಲ. ತೂಕ ಒಂದು ಕೆಜಿ ಜಾಸ್ತಿಯೇ ಆಗಿದೆ. "ಹೊಸ ಡೈರಿ ಯಾಕೆ, ಹಳೇದರ ತಾರೀಖು ತಿದ್ದಿಕೋ" ಎಂದು ನಮ್ಮ ಮನೆಯವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಒಳಗೊಳಗೇ ಬೇಜಾರು. ಪುಸ್ತಕದಲ್ಲಿ ಓದಿದ್ದು ಬೇಡ. ನೀವು ನಿಜವಾಗಿ ಏನು ಮಾಡಿದಿರಿ, ಎಲ್ಲಿ ಕೈಬಿಟ್ಟಿರಿ, ಅದನ್ನು ಹೇಳಿ.

ರಾಯಚೂರಿನಿಂದ:

ಬರೆದಿಟ್ಟಿದ್ದೀರಲ್ಲ, ಅರ್ಧ ಕೆಲಸ ಆಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1953ರ ಬ್ಯಾಚಿನಲ್ಲಿ ಗುರಿ ಬರೆದಿಟ್ಟವರು 3 ಪರ್ಸೆಂಟ್ ಮಾತ್ರ ಇದ್ದರಂತೆ. 20 ವರ್ಷದ ಮೇಲೆ ನೋಡಿದರೆ ಅವರ ಆಸ್ತಿ ಉಳಿದ 97 ಪರ್ಸೆಂಟ್ ಜನರ ಆಸ್ತಿಗಿಂತ ಜಾಸ್ತಿ. ನಮ್ಮ ಕಂಪನಿಯ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಇನ್ನು 21 ದಿನ ಬಿಡದೆ ಮಾಡಿ, ಅಭ್ಯಾಸ ತಾನಾಗಿಯೇ ಆಗುತ್ತದೆ.

ಮೈಸೂರಿನಿಂದ:

ಮೇಡಂ, ನಾನೂ ನಿಮ್ಮ ಹಾಗೆ ಡೈರಿ ಗಿರಾಕಿ. ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ, ಹಾಗಾಗಿ ಡೈರಿಗೆ ಬರವಿಲ್ಲ.

49ನೇ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆ ಸರಾಸರಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಹೊಸ್ತಿಲ ಹತ್ತಿರ ಬಂದು ನಿಂತಿದೆ ಅಂತ ಲೆಕ್ಕ ಎಂದರು ಡಾಕ್ಟರು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ದಿನಾ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ ಅಂತ. ಮೊದಲ ದಿನ ಹಟಕ್ಕೆ ಬಿದ್ದು ಹತ್ತಿಬಿಟ್ಟೆ. ಎರಡನೇ ದಿನ ಅಂಗಡಿಯ ಮೂರು ಮೆಟ್ಟಿಲು ಇಳಿಯುವುದಕ್ಕೂ ಷಟರ್ ಹಿಡಿದುಕೊಳ್ಳಬೇಕಾಯಿತು. ಅಲ್ಲಿಗೆ ಮುಗಿಯಿತು. ಒಂದೇ ವರ್ಷದಲ್ಲಿ ಇದೇ ನಾಟಕ ನಾಲ್ಕು ಸಲ.

ನನಗೆ ದಾರಿ ತೋರಿಸಿದ್ದು ಹಾಲಿನ ಕ್ಯಾಲೆಂಡರ್. ಅಡುಗೆಮನೆ ಬಾಗಿಲ ಹಿಂದೆ ನೇತುಹಾಕಿರುತ್ತೇವಲ್ಲ, ಅದೇ. ಹಾಲು ಬಾರದ ದಿನ ನನ್ನ ಹೆಂಡತಿ ಸೊನ್ನೆ ಹಾಕಿ ಪಕ್ಕದಲ್ಲಿ ಸಣ್ಣದಾಗಿ ಕಾರಣ ಬರೆಯುತ್ತಾಳೆ. "ನಾವು ಊರಲ್ಲಿಲ್ಲ." "ಅವನು ಬರಲಿಲ್ಲ." ತಿಂಗಳ ಕೊನೆಗೆ ಲೆಕ್ಕದಲ್ಲಿ ಜಗಳ ಬರಬಾರದಲ್ಲ. ನಾನೂ ಅದೇ ಚೌಕದಲ್ಲಿ ಕೆಂಪು ಪೆನ್ನಿನಿಂದ ಶುರು ಮಾಡಿದೆ. ಹೋದ ದಿನ ಏನೂ ಬರೆಯುತ್ತಿರಲಿಲ್ಲ. ಹೋಗದ ದಿನ ಮಾತ್ರ ಸೊನ್ನೆ ಮತ್ತು ಕಾರಣ. ಸುಳ್ಳು ಬರೆಯುವ ಹಾಗಿಲ್ಲ. ಅವಳು ದಿನಾ ನೋಡುತ್ತಾಳೆ.

ಎರಡು ತಿಂಗಳಾದ ಮೇಲೆ ಎಣಿಸಿದೆ. 23 ಸೊನ್ನೆ. ಮಳೆ ನಾಲ್ಕು, ಮದುವೆ-ಮುಂಜಿ ಮೂರು, ಮಂಡಿನೋವು ಎರಡು. ಉಳಿದ 14ಕ್ಕೂ ಒಂದೇ ಕಾರಣ ಬರೆದಿದ್ದೆ, "ರಾತ್ರಿ ತಡ". ಅಂಗಡಿ ಮುಚ್ಚುವುದು ಒಂಬತ್ತೂವರೆಗೆ. ಊಟ ಹತ್ತೂವರೆಗೆ. ಮಲಗುವುದು ಹನ್ನೆರಡಕ್ಕೆ. ಬೆಳಿಗ್ಗೆ ಐದೂವರೆಗೆ ಬೆಟ್ಟದ ಪಾದದಲ್ಲಿರಬೇಕು ಎಂದರೆ ಹೇಗಾದೀತು? ಇಷ್ಟು ದಿನ ನನ್ನನ್ನು ನಾನು ಸೋಮಾರಿ ಅಂತ ಬೈದುಕೊಂಡಿದ್ದೆಲ್ಲ ವ್ಯರ್ಥ. ಬದಲಾಗಬೇಕಾಗಿದ್ದು ಊಟದ ಹೊತ್ತು. ಟಿಫಿನ್ ಕ್ಯಾರಿಯರ್ ಅಂಗಡಿಗೆ ಬಂತು. ಎಂಟು ಗಂಟೆಗೆ ನೋಟ್‌ಬುಕ್ ಬಂಡಲುಗಳ ಹಿಂದೆ ಕೂತು ಎರಡು ಚಪಾತಿ ತಿನ್ನಲು ಶುರು ಮಾಡಿದೆ. ಮುಂದಿನ ತಿಂಗಳು ಸೊನ್ನೆ ಆರಕ್ಕೆ ಇಳಿಯಿತು.

ಸಾವಿರದ ಹಟವನ್ನೂ ಬಿಟ್ಟೆ. ವಾರದ ದಿನ ಇನ್ನೂರು ಮೆಟ್ಟಿಲು ಹತ್ತಿ ವಾಪಸ್. ಭಾನುವಾರ ನಂದಿಯವರೆಗೆ. ಒಂದು ಭಾನುವಾರ ಬಂಡೆಗೆ ಒರಗಿ ಏದುಸಿರು ಬಿಡುತ್ತಿದ್ದೆ. ಒಬ್ಬ ಅಜ್ಜಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ-ಕುಂಕುಮ ಇಡುತ್ತಾ, ಬೆರಳೆಲ್ಲ ಹಳದಿ ಮಾಡಿಕೊಂಡು, ನನ್ನನ್ನು ದಾಟಿ ಹೋದರು. ಹೋಗುತ್ತಾ ತಿರುಗಿ "ನೀರಿದೆಯಾ ಮಗಾ?" ಅಂತ ಕೇಳಿದರು. ಆ ಮಾನಭಂಗ ಇನ್ನೂ ನೆನಪಿದೆ. ವರ್ಷದ ಮೇಲೆ ಸಕ್ಕರೆ 5.8ಕ್ಕೆ ಬಂತು. ದಿನಾ ಸಾವಿರ ಇವತ್ತಿಗೂ ಹತ್ತುವುದಿಲ್ಲ.

ದಾವಣಗೆರೆಯಿಂದ:

ಜಿಮ್‌ಗೆ ವರ್ಷದ ಫೀ ಕಟ್ಟಿ 11 ದಿನ ಹೋದವನು ನಾನು. ಸಲಹೆ ಏನೂ ಇಲ್ಲ. ಓದುತ್ತಾ ಕೂತಿದ್ದೇನೆ.

ಬೆಂಗಳೂರಿನಿಂದ:

ರಾಯಚೂರಿನ ಸರ್, ತಪ್ಪು ತಿಳಿಯಬೇಡಿ. ಯೇಲ್‌ನ ಆ 3 ಪರ್ಸೆಂಟ್ ಕಥೆ ನನಗೂ ಮೂರು ಟ್ರೈನಿಂಗ್‌ಗಳಲ್ಲಿ ಸಿಕ್ಕಿದೆ. ಹುಡುಕಿ ನೋಡಿದೆ. ಅಂಥ ಅಧ್ಯಯನ ನಡೆದೇ ಇಲ್ಲ. 21 ದಿನದ್ದು ಇನ್ನೂ ಮಜಾ ಇದೆ. 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಎಂದರೂ 21 ದಿನ ಬೇಕು ಎಂದು ಬರೆದಿದ್ದರು. ಅದು ಬಾಯಿಂದ ಬಾಯಿಗೆ ಹೋಗಿ ವಾಕಿಂಗ್‌ಗೂ ಅಂಟಿಕೊಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನಿಜವಾಗಿ ಅಳೆದರು. ಅಭ್ಯಾಸ ಮೈಗೂಡಲು ಸರಾಸರಿ 66 ದಿನ. ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನ ಅಂತ ಲೆಕ್ಕ ಬಂತು. ನನಗೆ ಇಷ್ಟವಾಗಿದ್ದು ಅದರಲ್ಲಿನ ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲವಂತೆ. ನಾನು 22ನೇ ದಿನ ತಪ್ಪಿಸಿ, ಎಲ್ಲ ಹಾಳಾಯಿತು ಅಂತ ಬಿಟ್ಟ ಕೆಲಸಗಳು ಎಷ್ಟೋ.

ಪುಸ್ತಕದ್ದು ಬೇಡ ಎಂದಿದ್ದಿರಿ ಅಕ್ಕಾ, ಕ್ಷಮಿಸಿ. ಸುಮ್ನೆ ಇರಲಾಗಲಿಲ್ಲ.

ತುಮಕೂರಿನಿಂದ:

ನಾನು ಸ್ಕೂಟರ್ ಬಗ್ಗೆ ಮಾತ್ರ ಹೇಳುತ್ತೇನೆ. 41ಕ್ಕೆ ಕಲಿತೆ. ಅದಕ್ಕೆ ಮುಂಚೆ ಆರು ವರ್ಷ "ಈ ಸಲ ಬೇಸಿಗೆ ರಜೆಯಲ್ಲಿ" ಎನ್ನುತ್ತಾ ಕಳೆದಿದ್ದೆ. ನಮ್ಮ ನಾದಿನಿ ಒಂದು ಉಪಾಯ ಹೇಳಿದಳು. ಕಲಿತ ಮೇಲೆ ಲೈಸೆನ್ಸ್ ಅಲ್ಲ, ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸು ಅಂತ. ಎಲ್‌ಎಲ್ ಸಿಕ್ಕಿ 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು. ಆರು ತಿಂಗಳಿಗೆ ಅದರ ಅವಧಿ ಮುಗಿಯುತ್ತದೆ. ಕಾಗದದ ಮೇಲೆ ಆ ತಾರೀಖು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕೊಟ್ಟ ದುಡ್ಡು ವ್ಯರ್ಥವಾಗುತ್ತದಲ್ಲ!

ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ತಮ್ಮ ಹಿಂದೆ ಓಡುತ್ತಿದ್ದ. ಮೊದಲ ಟೆಸ್ಟಿನಲ್ಲಿ ಎಂಟು ಹಾಕುವಾಗ ಕಾಲು ಊರಿಬಿಟ್ಟೆ, ಫೇಲ್. ನನ್ನ ಹಿಂದೆ ಸಾಲಿನಲ್ಲಿದ್ದ ಕಾಲೇಜು ಹುಡುಗಿ "ಆಂಟಿ, ಚಕ್ರ ನೋಡಬೇಡಿ, ತಿರುವಿನ ಆಚೆ ನೋಡಿ" ಎಂದಳು. ಮನೆ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ದೊಡ್ಡ ಎಂಟು ಬರೆದು ದಿನಾ ಸಂಜೆ ಸುತ್ತಿದೆ. ಎರಡನೇ ಸಲ ಪಾಸ್. ಈಗ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋಗುತ್ತೇನೆ. ಅವರು ದಾರಿಯುದ್ದಕ್ಕೂ ರಾಯರನ್ನು ನೆನೆಯುತ್ತಿರುತ್ತಾರೆ. ಅದು ಬೇರೆ ವಿಷಯ.

ಶಿವಮೊಗ್ಗದಿಂದ:

ಅಕ್ಕಾ, ಆ 5,000ವನ್ನು ತಿಂಗಳ ಕೊನೆಗೆ ಎತ್ತಿಡುತ್ತಿದ್ದಿರಾ? ಹಾಗಿದ್ದರೆ ಉಳಿಯುವುದಿಲ್ಲ. ನಾನು ನಾಲ್ಕು ವರ್ಷ ನೋಡಿದ್ದೇನೆ. ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿಸಿದೆ, ತಿಂಗಳಿಗೆ 2,000. ಐದು ವರ್ಷ, 60 ಕಂತು. ಬೇಕಾದರೆ 100 ರೂಪಾಯಿಯಿಂದಲೂ ಶುರು ಮಾಡಬಹುದು. ನನ್ನದು 6.7 ಬಡ್ಡಿಯದು. ಕಟ್ಟುವುದು 1,20,000, ಕೊನೆಗೆ ಬರುವುದು ಸುಮಾರು 1,42,700. ಶ್ರೀಮಂತ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಕಂತು ತಪ್ಪಿಸಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ. ನನಗೆ ಒಂದು ಸಲ 20 ರೂಪಾಯಿ ಬಿತ್ತು. ವಾರಕ್ಕೆ 300 ರೂಪಾಯಿ ಹೊರಗೆ ತಿನ್ನುವವನಿಗೆ ಆ 20 ರೂಪಾಯಿ ಕೊಡುವಾಗ ಆದ ಸಂಕಟ ಅಷ್ಟಿಷ್ಟಲ್ಲ. ಆಮೇಲೆ ಸಂಬಳ ಬಂದ ಮರುದಿನವೇ ಕಟ್ಟುತ್ತೇನೆ. 5,000 ಜಾಸ್ತಿ ಆಗಿರಬಹುದು, 1,500ರಿಂದ ನೋಡಿ.

ಧಾರವಾಡದಿಂದ:

ನಿಮ್ಮ ತಂಬೂರಿ ಎಲ್ಲಿದೆ ತಂಗಿ? ಇದನ್ನು ನಾನು ಎಲ್ಲ ಹಳೇ ಶಿಷ್ಯೆಯರಿಗೂ ಕೇಳುತ್ತೇನೆ. ಗವಸಣಿಗೆ ಹಾಕಿ ಅಟ್ಟಕ್ಕೆ ಏರಿಸಿದ್ದರೆ ಸಂಗೀತ ಬರುವುದಿಲ್ಲ. ಇಳಿಸಿ, ತಂತಿ ಶ್ರುತಿ ಮಾಡಿ, ನಡುಮನೆ ಮೂಲೆಯಲ್ಲಿ ಇಡಿ. ಒಂದು ತಿಂಗಳು ಬರೀ ಷಡ್ಜ, ಹತ್ತು ನಿಮಿಷ. ಕುಕ್ಕರ್ ಇಟ್ಟು ಕೂತುಕೊಳ್ಳಿ, ಮೂರು ಸೀಟಿ ಆದರೆ ಏಳಿ. ರಾಗ ಆಮೇಲೆ. ನಿಮ್ಮೂರಿನ ಗಂಗೂಬಾಯಿ ಹಾನಗಲ್ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ರೈಲು ಯಾರ ಮೂಡ್ ನೋಡಿಯೂ ಹೊರಡುವುದಿಲ್ಲ. ನಿಮಗೆ ಕುಕ್ಕರೇ ರೈಲು.

ಉಡುಪಿಯಿಂದ:

ನನಗೆ 63. ಎಲ್ಲರೂ ಮಾಡುವುದು ಹೇಗೆ ಅಂತ ಹೇಳಿದರು. ನಾನು ಬಿಡುವುದರ ಬಗ್ಗೆ ಹೇಳುತ್ತೇನೆ. "ಕಂಪ್ಯೂಟರ್ ಕ್ಲಾಸಿಗೆ ಸೇರುವುದು" ಎಂದು ಏಳು ವರ್ಷ ಪಟ್ಟಿಯಲ್ಲಿ ಹೊತ್ತುಕೊಂಡು ತಿರುಗಿದೆ. ಒಂದು ದಿನ ಮಗಳು ಕೇಳಿದಳು, ಅಮ್ಮಾ, ಕಲಿತು ಏನು ಮಾಡುತ್ತೀ? ಉತ್ತರ ಇರಲಿಲ್ಲ. ಪಕ್ಕದ ಮನೆಯವರು ಸೇರಿದ್ದರು, ಅಷ್ಟೇ. ಗೀಟು ಎಳೆದೆ. ಅವತ್ತು ರಾತ್ರಿ ಎಷ್ಟು ಹಗುರ ಆಯಿತು ಗೊತ್ತಾ? ನಿಮ್ಮ ಐದರಲ್ಲಿ ಬೇರೆಯವರ ಬಾಯಿಗೆ ಹೆದರಿ ಬರೆದದ್ದು ಯಾವುದು, ನೋಡಿ. ನನಗೇನೋ ಆ ಆರು ಕೆಜಿ ಮೇಲೆ ಅನುಮಾನ.

ಹುಬ್ಬಳ್ಳಿಯಿಂದ, ಎರಡು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನ ಸರ್ ಹೇಳಿದ ಹಾಗೆ ಹಿಂದಕ್ಕೆ ಕೂತು ಸೊನ್ನೆ ಹಾಕಿದೆ. ನೆನಪಿನಿಂದಲೇ, ಆದರೂ ಕಾರಣ ಸಿಕ್ಕಿತು. ವಾಕಿಂಗ್ ನಿಂತದ್ದು ಶಾಲೆ ಶುರುವಾದ ವಾರ. ಏಪ್ರಿಲ್, ಮೇನಲ್ಲಿ ಒಂದು ದಿನವೂ ತಪ್ಪಿಲ್ಲ! ಅಂದರೆ ನಾನು ರಜೆಯ ದಿನಗಳ ಗುರಿ ಬರೆದು ಶಾಲೆಯ ದಿನಗಳಲ್ಲಿ ನಡೆಸಲು ಹೋಗಿದ್ದೆ. ಇನ್ನು ಸಂಜೆ ಶಾಲೆಯಿಂದ ಬರುವಾಗ ಎರಡು ಸ್ಟಾಪ್ ಮೊದಲೇ ಬಸ್ ಇಳಿದು ನಡೆಯುತ್ತೇನೆ. ದುಡ್ಡನ್ನು ತಿಂಗಳ ಕೊನೆಗೇ ಎತ್ತಿಡುತ್ತಿದ್ದೆ, ಶಿವಮೊಗ್ಗದ ತಮ್ಮ ಸರಿಯಾಗಿ ಹಿಡಿದ. ಆರು ಕೆಜಿ ಬರೆದದ್ದು ತಂಗಿಯ ಮದುವೆ ಫೋಟೋ ನೋಡಿ ಯಾರೋ ಅಂದ ಮಾತಿಗೆ. ಉಡುಪಿಯ ಅಮ್ಮಾ, ಅದಕ್ಕೆ ಗೀಟು ಎಳೆದೆ.

ತಂಬೂರಿ ಅಲಮಾರಿನ ಮೇಲಿತ್ತು. ಜೂನ್‌ನಲ್ಲಿ ನೆಂಟರು ಬಂದಾಗ ಜಾಗ ಇಲ್ಲ ಅಂತ ನಾನೇ ಏರಿಸಿದ್ದೆ. ನಿನ್ನೆ ಇಳಿಸಿದೆ. ಒಂದು ತಂತಿ ಹರಿದಿದೆ. ಮನೆಯವರು ಏನೂ ಕೇಳದೆ ಸಂಜೆ ಹೋಗಿ ಹೊಸ ತಂತಿ ತಂದಿದ್ದಾರೆ. ಹಾಕುವುದು ಹೇಗೆ ಅಂತ ಇಬ್ಬರಿಗೂ ಮರೆತುಹೋಗಿದೆ. ಧಾರವಾಡದ ಅಕ್ಕಾ, ಭಾನುವಾರ ಫೋನ್ ಮಾಡಲಾ?